ಅಬಿಂಗ್ಡನ್ ದಾರಿಯಲ್ಲಿ ಮೂರು ಕೊಳವೆ, ಒಂದು ಡಬ್ಬಿ ಬಣ್ಣ

ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ರಾಜಮನೆತನದಲ್ಲಿ ಪಟ್ಟಾಭಿಷೇಕವೋ, ಜ್ಯೂಬಿಲಿಯೋ ಬಂತು ಅಂದರೆ ಊರಿನ ಕೌನ್ಸಿಲರ್‌ಗಳು ಮಾರ್ಕೆಟ್ ಪ್ಲೇಸ್‌ನ ಕೌಂಟಿ ಹಾಲ್ ಮೇಲೆ ಹತ್ತಿ, ಕೆಳಗೆ ನೆರೆದ ಜನರತ್ತ ಬನ್ ಎಸೆಯುತ್ತಾರೆ. ಹೌದು, ಟೀ ಜೊತೆ ತಿನ್ನುವ ಬನ್ನೇ! ನಮ್ಮ ಜಾತ್ರೆಗಳಲ್ಲಿ ಜನ ತೇರಿನ ಕಳಶಕ್ಕೆ ಬಾಳೆಹಣ್ಣು, ದವನ ಎಸೆಯುತ್ತಾರಲ್ಲ, ಇಲ್ಲಿ ಅದು ತಲೆಕೆಳಗು. ಮೇಲಿನವರು ಕೆಳಗಿನವರಿಗೆ ಎಸೆಯುತ್ತಾರೆ. ಹಿಂದಿನ ಸಲಗಳ ಕೆಲವು ಬನ್ನುಗಳನ್ನು ಒಣಗಿಸಿ ಮ್ಯೂಸಿಯಂನಲ್ಲೂ ಇಟ್ಟುಕೊಂಡಿದ್ದಾರೆ.

ಆ ಮ್ಯೂಸಿಯಂ ಇರುವುದು ಅದೇ ಕೌಂಟಿ ಹಾಲ್‌ನಲ್ಲಿ. 1678ರಿಂದ 1682ರ ನಡುವೆ ಕಟ್ಟಿದ ಕಲ್ಲಿನ ಕಟ್ಟಡ ಅದು. ಲಂಡನ್ನಿನ ಸೇಂಟ್ ಪಾಲ್ಸ್ ಖ್ಯಾತಿಯ ಕ್ರಿಸ್ಟೋಫರ್ ರೆನ್ ಜೊತೆ ಕೆಲಸ ಮಾಡಿದ್ದ ಕ್ರಿಸ್ಟೋಫರ್ ಕೆಂಪ್‌ಸ್ಟರ್ ಅದನ್ನು ಕಟ್ಟಿದವನು. ಕೆಳಗೆ ಕಮಾನುಗಳ ನಡುವೆ ಸಂತೆಗೆ ಜಾಗ, ಮೇಲೆ ಕೋರ್ಟು. ಈಗ ಆ ಮಹಡಿಯೊಳಗೆ ಹೋದರೆ ಬನ್ನುಗಳ ಜೊತೆಗೆ ಒಂದು ಕಾರೂ ಸಿಗುತ್ತದೆ. ಈ ಊರಿನ ಕಾರ್ಖಾನೆಯಿಂದ ಕೊನೆಕೊನೆಗೆ ಹೊರಬಂದ ಎಂಜಿಬಿ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಜಿ ಹೆಕ್ಟರ್ ಹಿಂದೆ ನಿಂತು ಬೇಸತ್ತವರಿಗೆ ಆ ಎಂಟು ಮೂಲೆಯ ಲಾಂಛನ ಗೊತ್ತೇ ಇರುತ್ತದೆ. 2019ರಿಂದ ಭಾರತದಲ್ಲಿ ಓಡುತ್ತಿರುವ ಆ ಕಾರುಗಳ ಮಾಲೀಕತ್ವ, ಕಾರ್ಖಾನೆ ಎಲ್ಲವೂ ಬೇರೆ. ಆದರೆ ಹೆಸರು ಹುಟ್ಟಿದ್ದು ಈ ಕಡೆ, ನಾನು ಕೆಲಸಕ್ಕೆಂದು ಬಂದು ನೆಲೆಸಿರುವ ಆಕ್ಸ್‌ಫರ್ಡ್‌ನಲ್ಲಿ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಸೈಕಲ್ ರಿಪೇರಿಯಿಂದ ಶುರು ಮಾಡಿ ಲಾರ್ಡ್ ನಫೀಲ್ಡ್ ಆದ ವಿಲಿಯಂ ಮಾರಿಸ್‌ನ ಗ್ಯಾರೇಜು. 1922ರಲ್ಲಿ ಅಲ್ಲಿಗೆ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಬಾಡಿ ಕೂರಿಸಿ, ಸ್ವಲ್ಪ ಚುರುಕು ತುಂಬಿ ಮಾರತೊಡಗಿದ. ವ್ಯಾಪಾರ ಕೈಹಿಡಿಯಿತು. 1929ರಲ್ಲಿ ಅಬಿಂಗ್ಡನ್‌ನ ಚರ್ಮದ ಕಾರ್ಖಾನೆಯೊಂದರ ಖಾಲಿ ಜಾಗಕ್ಕೆ ಎಂಜಿ ಬಂತು. 51 ವರ್ಷ ಅಲ್ಲೇ ಇತ್ತು.

1979ರ ಸೆಪ್ಟೆಂಬರ್‌ನಲ್ಲಿ ಊರು ಎಂಜಿಯ ಸುವರ್ಣ ವರ್ಷ ಆಚರಿಸಿತು. ಅದರ ಬೆನ್ನಲ್ಲೇ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. 1980ರ ಅಕ್ಟೋಬರ್‌ನಲ್ಲಿ ಬಾಗಿಲು ಬಿತ್ತು. ಈಗ ಆ ಜಾಗದಲ್ಲಿ ಆಫೀಸು, ಮನೆ, ಗೋದಾಮು. ಕಿಂಬರ್ ರೋಡ್, ನಫೀಲ್ಡ್ ವೇ ಅನ್ನುವ ರಸ್ತೆ ಫಲಕಗಳಲ್ಲಿ ಮಾತ್ರ ಹಳೆಯ ಯಜಮಾನರು ಉಳಿದಿದ್ದಾರೆ. ಸೆಮೆಟರಿ ರೋಡ್‌ನಲ್ಲಿ ಎಂಜಿ ಕಾರ್ ಕ್ಲಬ್‌ನ ಕಚೇರಿ ಇದೆ. ಅದಕ್ಕೂ ಕಿಂಬರ್ ಹೌಸ್ ಅಂತಲೇ ಹೆಸರು.

ಪಕ್ಕದ ಮನೆಯ ಎಂಜಿಬಿ

ನಾನಿರುವುದು ಆಕ್ಸ್‌ಫರ್ಡ್‌ನ ಕೌಲಿಯಲ್ಲಿ. ಮಾರಿಸ್ ಕಾರುಗಳ ಕಾರ್ಖಾನೆ ಇದ್ದ ಬಡಾವಣೆ. ಇವತ್ತು ಅಲ್ಲಿ ಮಿನಿ ಕಾರು ತಯಾರಾಗುತ್ತದೆ. ಪಕ್ಕದ ಮನೆಯಲ್ಲಿ 78 ವರ್ಷದ ಒಬ್ಬರಿದ್ದಾರೆ. ನಾನು ಮನಸ್ಸಿನಲ್ಲಿ ಅಜ್ಜ ಅಂತಲೇ ಕರೆಯುವುದು. ಅವರ ಬಳಿ 1972ರ ಎಂಜಿಬಿ ರೋಡ್‌ಸ್ಟರ್ ಇದೆ. ಎರಡೇ ಸೀಟು, ತೆಗೆದು ಹಾಕುವ ಬಟ್ಟೆಯ ಮಾಡು, ತಂತಿ ಕಡ್ಡಿಯ ಚಕ್ರ.

ಇಲ್ಲಿ 70 ತುಂಬಿದವರು ಮೂರು ವರ್ಷಕ್ಕೊಮ್ಮೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಬೇಕು. 20 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಲು ಬರಬೇಕು, ಅದು ಕಾನೂನು. ಅಜ್ಜನ ಕಣ್ಣಿನ ನಡುಭಾಗ ನಿಧಾನವಾಗಿ ಮಂಜಾಗುತ್ತಿದೆ. ಅವರ ಗೇಟಿನಿಂದ ಹೆಜ್ಜೆ ಅಳೆದು ಗುರುತು ಹಾಕಿಕೊಂಡು, ದಿನಾ ಬೆಳಿಗ್ಗೆ ನಿಂತು ನನ್ನ ಕಾರಿನ ನಂಬರ್ ಓದುತ್ತಿದ್ದರು. ಒಂದು ದಿನ ನಾನೇ ತಮಾಷೆಗೆ, 'ಆ ನಂಬರ್ ನಿಮಗೆ ಈಗ ಬಾಯಿಪಾಠ ಆಗಿರುತ್ತೆ ಬಿಡಿ' ಅಂದೆ. ಅವರು ನಗಲಿಲ್ಲ. 'ಅದೇ ತೊಂದರೆ' ಅಂದರು. ಮಾರನೇ ದಿನದಿಂದ ಬೀದಿಗೆ ಬರುವ ಡೆಲಿವರಿ ವ್ಯಾನುಗಳ ನಂಬರ್ ಓದಲು ಶುರು ಮಾಡಿದರು.

ಈ ವರ್ಷದ ಮಾರ್ಚ್‌ನಲ್ಲಿ ಅವರೇ ತೀರ್ಮಾನಿಸಿದರು. ಬೇಸಿಗೆಯ ಹೊತ್ತಿಗೆ ಕಾರನ್ನು 20 ವರ್ಷದ ಮೊಮ್ಮಗಳಿಗೆ ಕೊಟ್ಟುಬಿಡುವುದು, ತಾನು ಮತ್ತೆ ಸ್ಟೀರಿಂಗ್ ಮುಟ್ಟದಿರುವುದು. ಆದರೆ ಕೊಡುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಎಕ್ಸಾಸ್ಟ್ ಹೆಡರ್ ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ಸೆಕೆಯ ದಿನ ಟ್ರಾಫಿಕ್ಕಿನಲ್ಲಿ ನಿಂತರೆ ಎಂಜಿನ್ ಏದುಸಿರು ಬಿಟ್ಟು ಆಫ್ ಆಗುತ್ತಿತ್ತು. ಮೊಮ್ಮಗಳು ರಿಂಗ್ ರೋಡಿನ ನಡುವೆ ಹಾಗೆ ಸಿಕ್ಕಿಬೀಳಬಾರದು ಅನ್ನುವುದು ಅವರ ಚಿಂತೆ. ಅವರ ಬೆರಳ ಗಂಟುಗಳಲ್ಲಿ ನೋವು, ನನಗೆ ಶನಿವಾರ ಬಿಡುವು. ಹೀಗೆ ನಾನು ಸ್ಪ್ಯಾನರ್ ಹಿಡಿದೆ.

ಹೆಡರ್ ಅಂದ್ರೆ ಏನು?

ಎಂಜಿನ್ನಿನ ಪ್ರತಿ ಸಿಲಿಂಡರ್‌ನಿಂದ ಹೊರಬರುವ ಬಿಸಿ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆ ಸಾಗಿಸುವ ಕೊಳವೆಗಳ ಗೊಂಚಲೇ ಹೆಡರ್. ಎಂಜಿಬಿಗೆ ಕಾರ್ಖಾನೆಯವರು ಕೊಟ್ಟದ್ದು ಎರಕದ ಕಬ್ಬಿಣದ ಮ್ಯಾನಿಫೋಲ್ಡ್. ಭಾರ, ಗಟ್ಟಿ, ಸದ್ದಿಲ್ಲದೆ ದಶಕಗಳ ಕಾಲ ಬಾಳುವಂಥದ್ದು. ಸ್ವಲ್ಪ ಹೆಚ್ಚು ಶಕ್ತಿ, ಒಳ್ಳೆ ಗುಟುರು ಬೇಕು ಅನ್ನುವವರು ಅದನ್ನು ತೆಗೆದು ಉಕ್ಕಿನ ಕೊಳವೆಯ ಹೆಡರ್ ಹಾಕಿಸುತ್ತಾರೆ. ಅಜ್ಜನೂ ಹರೆಯದಲ್ಲಿ ಅದನ್ನೇ ಮಾಡಿದ್ದರು.

ಒಂದು ಸ್ವಾರಸ್ಯ ನೋಡಿ. 1798 ಸಿಸಿಯ ಆ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಆದರೆ ಹೆಡರ್‌ಗೆ ಮೂರೇ ಕೊಳವೆ. ನಡುವಿನ ಎರಡು ಸಿಲಿಂಡರ್‌ಗಳಿಗೆ ಹೊಗೆ ಬಿಡಲು ಒಂದೇ ಬಾಯಿ, ಸಯಾಮಿ ಅವಳಿಗಳ ಹಾಗೆ. ಆ ನಡು ಕೊಳವೆಯನ್ನು ಉದ್ದಕ್ಕೆ ಎಳೆದು ಆಮೇಲೆ ಉಳಿದೆರಡಕ್ಕೆ ಸೇರಿಸುವುದರಿಂದ ಈ ಹೆಡರ್‌ಗೆ ಲಾಂಗ್ ಸೆಂಟರ್ ಬ್ರಾಂಚ್ ಅಂತಲೇ ಹೆಸರು. ಬಣ್ಣ ಮೊದಲು ಸುಟ್ಟುಹೋಗುವುದೂ ಆ ನಡು ಕೊಳವೆಯ ಬುಡದಲ್ಲೇ ಅನ್ನುವುದು ಅಜ್ಜನ ಐವತ್ತು ವರ್ಷದ ಅನುಭವ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಮಗ್ಗುಲಲ್ಲಿವೆ. ಮೇಲೆ ಎರಡು ಎಸ್‌ಯು ಕಾರ್ಬ್ಯುರೇಟರ್, ಅವುಗಳ ಕೆಳಗೇ ಕುದಿಯುವ ಹೆಡರ್. ಒಲೆಯ ಮೇಲೆ ಪೆಟ್ರೋಲ್ ಬಟ್ಟಲು ಇಟ್ಟ ಹಾಗೆ! ಹೊಗೆಯ ಬಿಸಿ 600–800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಾರು ಓಡುತ್ತಿರುವಾಗ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ನಿಂತರೆ ಅಷ್ಟೂ ಕಾವು ಮೇಲಕ್ಕೇ ಏರುತ್ತದೆ, ಕಾರ್ಬ್ಯುರೇಟರ್‌ನಲ್ಲಿರುವ ಪೆಟ್ರೋಲ್ ಆವಿಯಾಗುತ್ತದೆ, ಎಂಜಿನ್ ಉಸಿರು ಕಟ್ಟುತ್ತದೆ.

ಬಣ್ಣವೋ, ಸೆರಾಮಿಕ್ಕೋ?

ಹೆಡರ್ ಕಾಪಾಡಲು ಹಲವು ದಾರಿಗಳಿವೆ.

ಒಂದು, ಹೆಚ್ಚಿನ ಕಾವು ತಡೆಯುವ ಬಣ್ಣ. ಮಾಮೂಲಿ ಬಣ್ಣ ಇಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಇದರಲ್ಲಿರುವುದು ಸಿಲಿಕೋನ್ ರಾಳ, ಜೊತೆಗೆ ಅಲ್ಯೂಮಿನಿಯಂ ಪುಡಿ ಅಥವಾ ಕಾವಿಗೆ ಜಗ್ಗದ ವರ್ಣದ್ರವ್ಯ. ಕಾದಾಗ ರಾಳದ ಸುಡುವ ಭಾಗ ಹೊಗೆಯಾಗಿ ಹೋಗಿ, ಮರಳಿನ ಜಾತಿಯ ಗಟ್ಟಿ ಬಲೆಯೊಂದು ಉಳಿದು ಬಣ್ಣವನ್ನು ಲೋಹಕ್ಕೆ ಕಚ್ಚಿಸುತ್ತದೆ. ಇಪ್ಪತ್ತು ಪೌಂಡ್ ಒಳಗೆ ಒಂದು ಸ್ಪ್ರೇ ಡಬ್ಬಿ. ಇದು ತುಕ್ಕನ್ನು ತಡೆಯುತ್ತದೆ, ನೋಡಲು ಚೆಂದ. ಆದರೆ ಕಾವನ್ನು ತಡೆಯುವುದಿಲ್ಲ, ಪದರ ಅಷ್ಟು ತೆಳು. ಎರಡು ಮೂರು ವರ್ಷಕ್ಕೆ ಮತ್ತೆ ಬಳಿಯಬೇಕು.

ಎರಡು, ಪಿಂಗಾಣಿ ಎನಾಮೆಲ್. ನಮ್ಮ ಅಜ್ಜಿ ಮನೆಯ ಪಿಂಗಾಣಿ ಲೋಟ, ಬಸಿಗಳ ಹಾಗೆ ಲೋಹದ ಮೇಲೆ ಗಾಜನ್ನು ಕರಗಿಸಿ ಹಚ್ಚುವುದು. ಜಾಗ್ವಾರ್ ಇ-ಟೈಪ್ ಕಾರಿನ ಮ್ಯಾನಿಫೋಲ್ಡ್‌ಗಳು ಹೀಗೆ ಕಪ್ಪಗೆ ಮಿನುಗುತ್ತಿದ್ದವು. ಕಲ್ಲು ಬಡಿದರೆ ಮಾತ್ರ ಲೋಟದ ಹಾಗೆಯೇ ಚಕ್ಕೆ ಏಳುತ್ತದೆ.

ಮೂರು, ಗಾಜಿನ ನಾರಿನ ಪಟ್ಟಿ ಸುತ್ತುವುದು. ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಇಂಗ್ಲೆಂಡಿನ ಮಳೆಗೆ ಪಟ್ಟಿ ನೀರು ಕುಡಿದು ಕೂರುತ್ತದೆ, ಒಳಗೆ ಉಕ್ಕು ಕಾಣದಂತೆ ತುಕ್ಕು ಹಿಡಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಒದ್ದೆ ಗೋಣಿಚೀಲ ಹೊದ್ದ ಹಾಗೆ.

ನಾಲ್ಕು, ಸೆರಾಮಿಕ್ ಲೇಪನ. ಇಲ್ಲಿ ಅಬಿಂಗ್ಡನ್ ಮತ್ತೆ ಬರುತ್ತದೆ. ಊರಿನಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಹಾರ್ವೆಲ್‌ನಲ್ಲಿ ಬ್ರಿಟನ್ನಿನ ಪರಮಾಣು ಸಂಶೋಧನಾ ಕೇಂದ್ರ ಇತ್ತು. ಅಲ್ಲಿಯ ಕೆಲಸದಿಂದ ಬೆಳೆದ ಸೆರಾಮಿಕ್ ಲೇಪನದ ವಿದ್ಯೆಯನ್ನು ಜಿರ್ಕೋಟೆಕ್ ಅನ್ನುವ ಸಂಸ್ಥೆ ಕಾರುಗಳಿಗೆ ತಂದಿತು, ರೇಸ್ ಕಾರುಗಳ ಎಕ್ಸಾಸ್ಟ್‌ವರೆಗೂ. ಜಿರ್ಕೋನಿಯಾ ಪುಡಿ ಕರಗುವುದೇ ಸುಮಾರು 2700 ಡಿಗ್ರಿಯಲ್ಲಿ. ಅದನ್ನು ಅದಕ್ಕಿಂತ ಎಷ್ಟೋ ಪಟ್ಟು ಬಿಸಿಯಾದ ಪ್ಲಾಸ್ಮಾ ಜ್ವಾಲೆಯೊಳಗೆ ತೂರಿ, ಕರಗಿದ ಹನಿಗಳನ್ನು ಲೋಹಕ್ಕೆ ಅಪ್ಪಳಿಸುತ್ತಾರೆ. ಉಕ್ಕಿಗೆ ಹೋಲಿಸಿದರೆ ಅದರ ಮೂಲಕ ಕಾವು ಹರಿಯುವುದು ತೀರಾ ಕಡಿಮೆ. ಸಂಸ್ಥೆಯ ವಿಳಾಸ ನಫೀಲ್ಡ್ ವೇ! ಎಂಜಿ ಕಟ್ಟಿಸಿದವನ ಹೆಸರಿನ ರಸ್ತೆಯಲ್ಲೇ ಎಂಜಿ ಮುಚ್ಚಿದ ಮೇಲೂ ಹೆಡರ್‌ಗೆ ಮದ್ದು ಸಿಗುತ್ತಿದೆ.

ನನಗಂತೂ ಇದನ್ನು ಕೇಳಿದ ತಕ್ಷಣ ಮನಸ್ಸು ವಾಲಿತು. ಅಜ್ಜ ಲೆಕ್ಕ ಹಾಕಿದರು. ಒಳ್ಳೆಯ ಸೆರಾಮಿಕ್ ಲೇಪನಕ್ಕೆ ಕೆಲವು ನೂರು ಪೌಂಡ್ ಬೇಕು. ನಮ್ಮ ಹೆಡರ್ ಆಗಲೇ ತುಕ್ಕಿನಿಂದ ಅಲ್ಲಲ್ಲಿ ಗುಳಿಬಿದ್ದಿದೆ. ಹಳೇ ಗೋಡೆಗೆ ಬಂಗಾರದ ಗಿಲೀಟು ಯಾಕೆ? ಇನ್ನು ಹರೆಯದ ಹುಡುಗಿಗೆ ಇಂಥ ಕಾರಿನ ಇನ್ಶೂರೆನ್ಸ್ ಅಂದರೆ ಸಣ್ಣ ಮೊತ್ತವಲ್ಲ. 'ದುಡ್ಡು ಅಲ್ಲಿಗೆ ಹೋಗಲಿ. ತುಕ್ಕಿಗೆ ಬಣ್ಣ, ಕಾವಿಗೆ ತಗಡು' ಅಂದರು.

ತಗಡು ಅಂದರೆ ಹೀಟ್ ಶೀಲ್ಡ್. ಕಾರ್ಬ್ಯುರೇಟರ್‌ಗೂ ಹೆಡರ್‌ಗೂ ನಡುವೆ ಕಾರ್ಖಾನೆಯವರೇ ಕೊಟ್ಟಿದ್ದ ತಡೆ. ಅದರ ಮೇಲಿನ ಶಾಖನಿರೋಧಕ ಪದರ ಎಂದೋ ಉದುರಿಹೋಗಿತ್ತು. ಸೆಕೆಯಲ್ಲಿ ಎಂಜಿನ್ ಮುನಿಯಲು ಅರ್ಧ ಕಾರಣ ಅದೇ. ಹೊಸ ಪದರ ಹಚ್ಚಿದ ತಗಡು ತರಿಸಿದೆವು. ಜೊತೆಗೆ ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಿಸಿದೆವು. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲ್‌ನಲ್ಲಿ ಶೇ. 10ರವರೆಗೂ ಎಥನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಿಸಿ ಹೆಡರ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಂಗಳದಲ್ಲಿ ಎರಡು ಶನಿವಾರ

ಮೊದಲ ಶನಿವಾರ ಬಿಚ್ಚುವ ಕೆಲಸ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ಎಣ್ಣೆ ಉಣಿಸಿದ್ದೆವು. ಹಿತ್ತಾಳೆಯ ನಟ್ಟುಗಳವು. ಉಕ್ಕಿನ ನಟ್ಟು ಕಾವಿಗೆ ಕಚ್ಚಿಕೊಂಡುಬಿಡುತ್ತದೆ, ಹಿತ್ತಾಳೆ ಬಿಟ್ಟುಕೊಡುತ್ತದೆ. ಕಾರ್ಬ್ಯುರೇಟರ್ ತೆಗೆದು, ತಗಡು ತೆಗೆದು, ಒಳದಾರಿಯ ಮ್ಯಾನಿಫೋಲ್ಡ್ ತೆಗೆದು, ಕೊನೆಗೆ ಹೆಡರ್. ಹಳೇ ಗ್ಯಾಸ್ಕೆಟ್ ಬಂದಾಗ ಅಜ್ಜ ನನ್ನ ಕೈ ತಡೆದರು. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಬ್ರಷ್ಷಿನಿಂದ ಉಜ್ಜಿದರೆ ಅದರ ದೂಳು ನೇರ ಶ್ವಾಸಕೋಶಕ್ಕೆ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆಯಾಗಿಯೇ ಎತ್ತಿ ಕವರಿನಲ್ಲಿ ಕಟ್ಟಿಟ್ಟೆವು.

ಆಮೇಲೆ ಉಜ್ಜುವ ಕೆಲಸ. ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. ವೈರ್ ಬ್ರಷ್, ಎಮರಿ ಕಾಗದ, ಮೂಲೆಗಳಿಗೆ ಹಳೇ ಹಲ್ಲುಜ್ಜುವ ಬ್ರಷ್. ಮೊಮ್ಮಗಳೂ ಬಂದಿದ್ದಳು. ಉಗುರಿನ ಬಣ್ಣ ಕೆಡುತ್ತದೆ ಅಂತ ಗೊಣಗುತ್ತಲೇ ಶುರು ಮಾಡಿದವಳು ನಾಲ್ಕು ಗಂಟೆ ಬಿಡದೆ ಉಜ್ಜಿದಳು. ಬೂದು ಬಣ್ಣದ ಹಸಿ ಉಕ್ಕು ಕಂಡ ಮೇಲೆ ಅಸಿಟೋನ್‌ನಿಂದ ಒರೆಸಿದೆವು. ಅಲ್ಲಿಂದಾಚೆ ಬರಿಗೈ ಮುಟ್ಟುವಂತಿಲ್ಲ. ಅಂಗೈಯ ಜಿಡ್ಡು ಉಳಿದರೆ ಬಣ್ಣ ಸರಿಯಾಗಿ ಅಲ್ಲೇ ಏಳುತ್ತದೆ.

ಎರಡನೇ ಶನಿವಾರ ಬಿಸಿಲಿತ್ತು. ಒದ್ದೆ ಹವೆಯಲ್ಲಿ ಬಣ್ಣ ಕೂರುವುದಿಲ್ಲ, ಇಂಗ್ಲೆಂಡಿನಲ್ಲಿ ಇದಕ್ಕೇ ಮುಹೂರ್ತ ನೋಡಬೇಕು! ಗ್ಯಾಸ್ಕೆಟ್ ಕೂರುವ ಮುಖಗಳಿಗೆ ಟೇಪ್ ಸುತ್ತಿ, ಹೆಡರನ್ನು ಸೇಬಿನ ಮರದ ಕೊಂಬೆಗೆ ತಂತಿಯಲ್ಲಿ ತೂಗುಹಾಕಿ ಸ್ಪ್ರೇ ಹೊಡೆದೆವು. ತೆಳುವಾಗಿ ಮೂರು ಪದರ, ನಡುನಡುವೆ ಹತ್ತು ನಿಮಿಷ ಬಿಡುವು. ದಪ್ಪ ಬಳಿದರೆ ಕಾದಾಗ ಗುಳ್ಳೆ ಎದ್ದು ಉದುರುತ್ತದೆ. ಮಿನುಗುವ ಬಣ್ಣಗಳೂ ಅಂಗಡಿಯಲ್ಲಿದ್ದವು. ಅಜ್ಜ ಆರಿಸಿದ್ದು ಎರಕದ ಕಬ್ಬಿಣದ ಬೂದು.

ಜೋಡಿಸುವಾಗ ಒಂದು ಸೂಕ್ಷ್ಮ ಇದೆ. ಒಳದಾರಿ, ಹೊರದಾರಿ ಎರಡರ ಅಂಚುಗಳನ್ನೂ ಹಂಚಿಕೊಂಡ ದಪ್ಪ ವಾಷರ್‌ಗಳೇ ಒತ್ತಿ ಹಿಡಿಯುತ್ತವೆ. ಹೆಡರ್‌ನ ಅಂಚು ತುಸು ತೆಳುವಾಗಿದ್ದರೂ ವಾಷರ್ ಒಂದನ್ನು ಬಿಗಿದು ಇನ್ನೊಂದನ್ನು ಸಡಿಲ ಬಿಡುತ್ತದೆ, ಹೊಗೆ ಸೋರುತ್ತದೆ. ಹೊರಗಿನ ಕಂಪನಿಯ ಹೆಡರ್‌ಗಳಲ್ಲಿ ಇದು ಮಾಮೂಲು. ಅಜ್ಜ ಕಣ್ಣಿನಿಂದ ಅಲ್ಲ, ಬೆರಳ ತುದಿಯಿಂದ ಎರಡೂ ಅಂಚು ಸವರಿ, 'ಇಲ್ಲಿ ಒಂದು ಕೂದಲಷ್ಟು' ಅಂದರು. ಮೊಮ್ಮಗಳು ವಾಷರ್‌ಗೆ ಅರ ಹಾಕಿ ಮೆಟ್ಟಿಲು ಮಾಡಿದಳು. ಅವರು ಮತ್ತೆ ಸವರಿ ತಲೆಯಾಡಿಸಿದರು.

ಕಾವಲಿ ಪಳಗಿಸಿದ ಹಾಗೆ

ಬಣ್ಣ ಒಣಗಿದರೆ ಕೆಲಸ ಮುಗಿಯಲಿಲ್ಲ. ಅದನ್ನು ಕಾಯಿಸಿ ಪಳಗಿಸಬೇಕು. ಅಡುಗೆಮನೆಯ ಓವನ್‌ನಲ್ಲಿ ಯಾಕಾಗಬಾರದು ಅಂತ ನಾನು ಕೇಳಿದ್ದಕ್ಕೆ ಅಜ್ಜಿ ನೋಡಿದ ನೋಟಕ್ಕೇ 300 ಡಿಗ್ರಿ ಕಾವಿತ್ತು. ತಮಾಷೆ ಬಿಡಿ, ಆ ಹೊಗೆ ವಿಷ. ಊಟ ಬೇಯಿಸುವ ಓವನ್‌ನಲ್ಲಿ ಮಾಡಲೇಬಾರದು.

ಹಾಗಾಗಿ ಎಂಜಿನ್ನಿನ ಕಾವಿನಲ್ಲೇ ಮಾಡಿದೆವು. ಹತ್ತು ನಿಮಿಷ ಐಡಲ್, ಇಪ್ಪತ್ತು ನಿಮಿಷ ಆರಲು ಬಿಡುವುದು. ಇಪ್ಪತ್ತು ನಿಮಿಷ ಐಡಲ್, ಮತ್ತೆ ಇಪ್ಪತ್ತು ನಿಮಿಷ ಬಿಡುವು. ಕೊನೆಗೆ ಅರ್ಧ ಗಂಟೆ ಓಟ. ಹೊಸ ದೋಸೆ ಕಾವಲಿಗೆ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಕಾಯಿಸಿ ಆರಿಸಿ ಮತ್ತೆ ಕಾಯಿಸುತ್ತಾರಲ್ಲ, ಅದೇ ತರ್ಕ. ಮೊದಲ ದಿನವೇ ಜೋರು ಉರಿ ಕೊಟ್ಟರೆ ದೋಸೆಯೂ ಏಳುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಬಾನೆಟ್‌ನಿಂದ ತೆಳು ಹೊಗೆ ಎದ್ದು ಬೀದಿ ತುಂಬ ಘಾಟು ಹರಡಿತು. ಎದುರು ಮನೆಯವರು ಕಿಟಕಿ ಮುಚ್ಚಿದರು. ಕೈ ಬೀಸಿ ನಗುತ್ತಲೇ ಮುಚ್ಚಿದರು ಅನ್ನಿ.

ಅರ್ಧ ಗಂಟೆಯ ಓಟ

ಆ ಕೊನೆಯ ಅರ್ಧ ಗಂಟೆಗೆ ಅಜ್ಜ ದಾರಿ ಗೊತ್ತು ಮಾಡಿದ್ದರು. ಎಂಜಿಬಿ ಹುಟ್ಟಿದ ಊರಿಗೇ ಹೋಗಬೇಕು. ಎರಡೇ ಸೀಟಿನ ಕಾರು. ಮೊಮ್ಮಗಳು ಬಲಕ್ಕೆ, ಸ್ಟೀರಿಂಗ್ ಹಿಂದೆ. ಅಜ್ಜ ಎಡಕ್ಕೆ. ಐವತ್ತು ವರ್ಷದಲ್ಲಿ ಆ ಎಡಗಡೆ ಸೀಟಿನಲ್ಲಿ ಕೂತದ್ದು ಇದೇ ಮೊದಲು ಅಂತ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದರು. ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ನಾನು ಹಿಂದೆ ಹೊರಟೆ, ಕಾರು ನಿಂತರೆ ಇರಲಿ ಅಂತ ಟೂಲ್ ಬಾಕ್ಸ್, ಫೈರ್ ಎಕ್ಸ್‌ಟಿಂಗ್ವಿಷರ್ ಸಮೇತ.

ರಿಂಗ್ ರೋಡ್ ದಾಟಿ ಕೆನಿಂಗ್ಟನ್, ರ್‍ಯಾಡ್ಲಿ ಮೇಲೆ ಹೋಗುವ ಹಳೇ ದಾರಿ. ಅಬಿಂಗ್ಡನ್‌ಗೆ ಪ್ರಯಾಣಿಕರ ರೈಲು 1963ರಲ್ಲೇ ನಿಂತುಹೋಯಿತು, ರೈಲಿನಲ್ಲಿ ಬರುವವರು ಈಗ ರ್‍ಯಾಡ್ಲಿಯಲ್ಲೇ ಇಳಿಯಬೇಕು. ಊರೊಳಗೆ ಥೇಮ್ಸ್ ನದಿ, 1416ರಲ್ಲಿ ಕಟ್ಟಲು ಶುರು ಮಾಡಿದ ಕಲ್ಲಿನ ಸೇತುವೆ, ಉದ್ದಕ್ಕಿಂತ ಅಗಲವೇ ಹೆಚ್ಚಿರುವ ಸೇಂಟ್ ಹೆಲೆನ್ಸ್ ಚರ್ಚು. ಮಧ್ಯಾಹ್ನದ ಬಿಸಿಲಿಗೆ ಸೇತುವೆ ಬಳಿ ಟ್ರಾಫಿಕ್ ಜಾಮ್. ಆರು ನಿಮಿಷ ನಿಂತಲ್ಲೇ. ಎಂಜಿಬಿ ಮುನಿಯುವ ಜಾಗವೇ ಇದು. ನನ್ನ ಪಕ್ಕ ಅಜ್ಜಿ ಕೈಚೀಲದ ಹಿಡಿ ಬಿಗಿ ಹಿಡಿದಿದ್ದರು. ಮುಂದೆ ಎಂಜಿನ್ನಿನ ಸದ್ದು ಒಂದು ಸಲ ತಗ್ಗಿತು, ಮತ್ತೆ ಏರಿತು, ಹಾಗೇ ನಿಂತಿತು. ಸಾಲು ಸರಿಯಿತು.

ನಫೀಲ್ಡ್ ವೇ, ಕಿಂಬರ್ ರೋಡ್ ಒಂದು ಸುತ್ತು ಹಾಕಿದೆವು. ನೋಡಲು ಏನೂ ಇಲ್ಲ, ಶನಿವಾರದ ಮುಚ್ಚಿದ ಶಟರ್‌ಗಳಷ್ಟೇ. ಆದರೂ ಅಜ್ಜ ಅತ್ತ ಇತ್ತ ಬೆರಳು ತೋರಿಸುತ್ತ ಮೊಮ್ಮಗಳಿಗೆ ಏನೋ ಹೇಳುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ಈ ಕಡೆ ಬರುವವರಿಗೆ ನನ್ನ ಸಲಹೆ ಇಷ್ಟೇ: ಆಕ್ಸ್‌ಫರ್ಡ್ ನೋಡಲು ಬಂದರೆ ಅರ್ಧ ದಿನ ಅಬಿಂಗ್ಡನ್‌ಗೆ ಇಡಿ. ಆಕ್ಸ್‌ಫರ್ಡ್‌ನಿಂದ ಬಸ್ಸಿದೆ, ಮ್ಯೂಸಿಯಂಗೆ ಟಿಕೆಟ್ ಇಲ್ಲ. ಎಂಜಿಬಿ ನೋಡಿ, ಒಣ ಬನ್ನುಗಳನ್ನೂ ನೋಡಿ.

ವಾಪಸು ಬಂದದ್ದು ವೂಟನ್ ಮೇಲೆ, ಬೋರ್ಸ್ ಹಿಲ್ ಏರಿನ ದಾರಿಯಲ್ಲಿ. ಗುಡ್ಡದ ಮೇಲೆ ಆಕ್ಸ್‌ಫರ್ಡ್‌ನ ಗೋಪುರಗಳು ಕಾಣುವ ಕಡೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆವು. ಮೂರು ಕೊಳವೆಗಳೂ ಹದವಾದ ಬೂದು ಬಣ್ಣಕ್ಕೆ ತಿರುಗಿದ್ದವು. ಎಲ್ಲೂ ಗುಳ್ಳೆಯಿಲ್ಲ. ನಡು ಕೊಳವೆಯ ಬುಡದಲ್ಲಿ ಮಾತ್ರ ಬೆರಳಗಲ ಬಿಳಿಚಿತ್ತು. ಲೋಹ ಆರುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಅಜ್ಜ ಬಗ್ಗಿ, ಮುಖ ಹತ್ತಿರ ತಂದು, ಕಣ್ಣು ಕಿರಿದು ಮಾಡಿ ನೋಡಿದರು.

'ಎರಡು ವರ್ಷಕ್ಕೆ ಮತ್ತೆ ಬಿಚ್ಚಬೇಕು' ಅಂದರು ಮೊಮ್ಮಗಳಿಗೆ.

'ವಾಷರ್ ಯಾವ ಕಡೆ ತೆಳು ಮಾಡಿದ್ದು ಅಂತ ನನಗೆ ನೆನಪಿದೆ' ಅಂದಳು ಅವಳು. ಅಜ್ಜ ಕೀಲಿ ಕೇಳಲಿಲ್ಲ. ಸುತ್ತಿ ಬಂದು ಎಡಗಡೆ ಬಾಗಿಲು ತೆರೆದು ಕೂತರು.